ಅಹಮದಸಾಬರ ಮೂರನೆಯ ಕಾರ್ಡು

ಕೆಲಗೇರಿಯ ನಮ್ಮ ಮನೆಗೆ ಟೆಲಿಫೋನಿನ ತಂತಿ ಹಿಡಿದು ಬ್ರಾಡ್‌ಬ್ಯಾಂಡ್ ಬಂದ ವರ್ಷದ ಮಾತು. ಬಂದ ಇಂಟರ್ನೆಟ್ಟನ್ನು ಒಳಗೆ ಕರೆದುಕೊಳ್ಳಲು ನಮ್ಮಣ್ಣ ಪ್ರತಾಪನ ಲ್ಯಾಪ್‌ಟಾಪಿಗೆ ಬಾಗಿಲೇ ಇರಲಿಲ್ಲ. ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ ಅದು. ಫ್ಲಾಪಿ ಹಾಕುವ ಖಾನೆಯೂ ಕೆಟ್ಟಿತ್ತು. ಪಕ್ಕದಲ್ಲಿ ಒಂದು ಸಣ್ಣ ಸಂದು ಮಾತ್ರ ಇತ್ತು. ಅಲ್ಲಿ, ಆ ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶಕ್ಕೆ ಒಗ್ಗುವ ನೆಟ್‌ವರ್ಕ್ ಕಾರ್ಡು ತೂರಿಸಿದರೆ ತಂತಿ ಜೋಡಿಸಬಹುದಿತ್ತು.

ಅಣ್ಣ ನಮ್ಮೂರಿಗೆ ಹತ್ತಿರದ ಬೇಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಹೆಣ್ಣುಮಕ್ಕಳು ಕಂಪ್ಯೂಟರಿನ ಇಂಗ್ಲಿಷ್ ಕಂಡು ಕೈ ಹಿಂದೆ ತೆಗೆಯುವುದನ್ನು ನೋಡಿ ನೋಡಿ, ಲಿನಕ್ಸನ್ನು ಕನ್ನಡಕ್ಕೆ ತರುತ್ತಿದ್ದ ದೂರದ ಗೆಳೆಯರ ಜೊತೆ ಸೇರಿಕೊಂಡಿದ್ದ. ಆದಿತ್ಯವಾರ ಕೆರೆಯ ದಂಡೆಯಲ್ಲಿ ಕೂತು ಒಂದೊಂದು ಶಬ್ದವನ್ನೂ ಬಾಯಲ್ಲಿ ಆಡಿಸಿ ನೋಡುವನು. ನಮ್ಮವ್ವ ಯಂಕವ್ವನಿಗೆ ತಿಳಿಯದ ಶಬ್ದವನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಹಾಗೆ ಕೂಡಿಟ್ಟದ್ದೆಲ್ಲ ಆ ಲ್ಯಾಪ್‌ಟಾಪಿನಲ್ಲಿತ್ತು. ದೀಪಾವಳಿಯೊಳಗೆ ಗೆಳೆಯರಿಗೆ ಮುಟ್ಟಿದರೆ ಹೊಸ ಲಿನಕ್ಸಿನಲ್ಲಿ ಸೇರುತ್ತದೆ, ತಪ್ಪಿದರೆ ಆ ಜಾಗದಲ್ಲೆಲ್ಲ ಇಂಗ್ಲಿಷೇ ಉಳಿಯುತ್ತದೆ ಎಂದು ಅವರು ಫೋನಿನಲ್ಲಿ ತಿಳಿಸಿದ್ದರು.

ಹುಬ್ಬಳ್ಳಿಯ ಅಹಮದಸಾಬರು ಹಳೆಯ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದರು. ಮನೆಗೆ ಒಯ್ದು ನೋಡಿ, ಒಗ್ಗಿದರೆ ಇಟ್ಟುಕೊಳ್ಳಿ ಎಂದು ಕೈಗೆ ಕೊಡುವ ಮನುಷ್ಯ. ಮೊದಲನೆಯ ಕಾರ್ಡನ್ನು ಲಿನಕ್ಸು ಗುರುತೇ ಹಿಡಿಯಲಿಲ್ಲ. ಎರಡನೆಯದರ ಹೊರಗಿನ ಹೆಸರು ಗೆಳೆಯರು ಹೇಳಿದ್ದೇ ಆಗಿತ್ತು, ಒಳಗಿನ ಚಿಪ್ಪು ಬೇರೆ. ಅದನ್ನೂ ಮರಳಿಸಲು ಹೋದಾಗ ಅಹಮದಸಾಬರು ನಕ್ಕರು.

"ನಿಮ್ಮ ಲಿನಕ್ಸು ಮಾವನ ಮನಿಗೆ ಬಂದ ಅಳಿಯಾ ಆದಂಗ ಆತಲ್ರಿ ಸರ. ಏನು ನೀಡಿದ್ರೂ ತಾಟು ಸರಸತೈತಿ."

ಆದರೂ ಗೆಳೆಯರು ಹೇಳಿದ ಚಿಪ್ಪಿಗಾಗಿ ಅವರೇ ಊರೆಲ್ಲ ಕೇಳಿ, ಮೂರನೆಯದೊಂದನ್ನು ತರಿಸಿಕೊಟ್ಟರು. ಅಣ್ಣ ಅದನ್ನು ಎದೆಗೆ ಹಿಡಿದುಕೊಂಡು ಬಸ್ಸಿಳಿದು ಬಂದ. ತೂರಿಸಿದ. ಕಾರ್ಡಿನ ದೀಪ ಹತ್ತಲಿಲ್ಲ. ತೆಗೆದು ಮತ್ತೆ ತೂರಿಸಿದ. ಆ ಹೊತ್ತು ಅವನು ಉಣ್ಣಲಿಲ್ಲ. ದೀಪಾವಳಿ ಹೊಸ್ತಿಲಿಗೆ ಬಂದಿತ್ತು.

ಮರುದಿನ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಹೊರಟ, ನಾನೂ ಹೋದೆ. ಅಹಮದಸಾಬರು ಕಾರ್ಡನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಸಿರು ದೀಪ ತಣ್ಣಗೆ ಹತ್ತಿತು. ಕಾರ್ಡಿನಲ್ಲಿ ದೋಷವಿರಲಿಲ್ಲ. ಅವರು ನಮ್ಮ ಲ್ಯಾಪ್‌ಟಾಪನ್ನು ಬಿಸಿಲಿಗೆ ಓರೆ ಹಿಡಿದು ಬೆನ್ನಿಗೆ ಮೆಲ್ಲಗೆ ತಟ್ಟಿದರು. ಸಂದಿನಿಂದ ಹಳದಿ ಪುಡಿ ಉದುರಿ ಅಣ್ಣನ ಅಂಗಿಯ ಮೇಲೆ ಬಿತ್ತು.

"ಇದು ಕಂಪನಿಯವ್ರು ಹಾಕಿದ್ದಲ್ರಿ ಸರ," ಎಂದರು. "ನಿಮ್ಮ ಯಲ್ಲಮ್ಮ ತಾಯಿ ಭಂಡಾರ."

ನನಗೆ ಮಾನವಮಿ ಅಮಾವಾಸ್ಯೆ ನೆನಪಾಯಿತು. ಪ್ರತಿ ಅಮಾವಾಸ್ಯೆಗೆ ಅವ್ವ ಕುಡುಗೋಲು, ಈಳಿಗೆಮಣೆ, ಹೊಲಿಗೆಯಂತ್ರ, ಅಣ್ಣನ ಸೈಕಲ್ಲು ಎಲ್ಲಕ್ಕೂ ದೇವಿಯ ಅರಿಸಿನವಾದ ಭಂಡಾರ ಹಚ್ಚುವಳು. ಅನ್ನ ಕೊಡುವ ವಸ್ತುಗಳು ಅವು. ಈ ಸಲ, ಎರಡನೆಯ ಕಾರ್ಡೂ ಒಗ್ಗದೆ ಹೋದ ಮೇಲೆ, ಮಗನ ಸಂಕಟ ಕಂಡು ಲ್ಯಾಪ್‌ಟಾಪಿಗೆ ಕೈತುಂಬ ಹಚ್ಚಿದ್ದಳು, ಬಾಯಿ ತೆರೆದಂತಿದ್ದ ಆ ಸಂದಿಗಂತೂ ವಿಶೇಷವಾಗಿ.

ಅಹಮದಸಾಬರು ಕುಂಚದಿಂದ ಸಂದನ್ನು ಸ್ವಚ್ಛ ಮಾಡಿದರು. ಉದುರಿದ ಪುಡಿಯನ್ನು ಕಾಲಿಗೆ ತಾಗಗೊಡದೆ ಒಂದು ಕಾಗದದಲ್ಲಿ ತೆಗೆದು ನನ್ನ ಕೈಗಿತ್ತರು.

ಮನೆಗೆ ಬಂದು ಅಣ್ಣ ತಂತಿ ಜೋಡಿಸಿದ, ದೀಪ ಹತ್ತಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನು ಕೆಟ್ಟಿತ್ತೆಂದು ಕೇಳಿದಳು.

"ಏನಿಲ್ಲಬೇ, ಒಳಗ ಧೂಳಾ ಕೂತಿತ್ತು."

ಅವ್ವ ಅವನ ಅಂಗಿ ನೋಡಿದಳು. "ಧೂಳು ಹಳದಿ ಇರತೈತೇನೋ ಪ್ರತಾಪ?"

ಅಣ್ಣ ತಲೆ ಎತ್ತಲಿಲ್ಲ. "ಹುಬ್ಬಳ್ಳಿ ಧೂಳ್ಬೇ ಅದು."

ಅವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಳು. ಅಣ್ಣ ಕೂಡಿಟ್ಟ ಶಬ್ದಗಳು ಗೆಳೆಯರ ಕಡೆಗೆ ಹೊರಟವು. ಆಗಿನ ವೇಗವೇ ಅಷ್ಟು, ದೇವರ ಮುಂದೆ ಹಚ್ಚಿಟ್ಟ ಊದಿನಕಡ್ಡಿ ಉರಿಯುವಂತೆ ನಿಧಾನವಾಗಿ ಹೋದವು. ಸಂಜೆಗೆ ಗೆಳೆಯರ ಉತ್ತರ ಬಂತು: ಎಲ್ಲ ಮುಟ್ಟಿವೆ, ಹೊಸ ಲಿನಕ್ಸಿನಲ್ಲಿ ಸೇರಿಸುತ್ತಿದ್ದೇವೆ.

ಅವ್ವನಿಗೆ ಇನ್ನೂ ಅಳುಕು. "ಒಂದೂ ಕಳದಿಲ್ಲ ಹೌದಲ್ಲ?" ಎಂದಳು.

ಅಣ್ಣ ಅವಳನ್ನು ಹತ್ತಿರ ಕೂರಿಸಿಕೊಂಡು ಮೊದಲಿನಿಂದ ಓದತೊಡಗಿದ. ತೆರೆ, ಮುಚ್ಚು, ಉಳಿಸು, ಹುಡುಕು, ಹಿಂದಕ್ಕೆ, ಮುಂದಕ್ಕೆ. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಪುರಾಣ ಕೇಳುವವಳಂತೆ, ಒಂದೊಂದಕ್ಕೂ ಹೂಂಗುಟ್ಟುತ್ತ ಕೂತಳು.