ಭಂಡಾರ ಮುಟ್ಟಿ ಕೊಟ್ಟ ಮನೆ

ಘಾಟಬೋರಾಳದಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ಎದುರು ಮಾತಿಲ್ಲ. ಬೀರದೇವರ ಮುಂದಿನ ಆ ಅರಿಸಿನ ಪುಡಿ ಕೈಗೆ ಬಂತೆಂದರೆ ಮುಗಿಯಿತು, ಕುರಿಯ ವ್ಯಾಪಾರವಾಗಲಿ, ಮಗಳ ಸಂಬಂಧವಾಗಲಿ, ಅಲ್ಲಿಗೇ ಪಕ್ಕಾ. ರುಕ್ಮಿಣಿಬಾಯಿ ಅದನ್ನು ಬಲವಾಗಿ ನಂಬಿದ್ದ ಹೆಂಗಸು.

ಅವಳ ಪಕ್ಕದ ಮನೆಯ ಅಮೋಘಸಿದ್ದಪ್ಪ ಕುರಿ ಕಾಯ್ದು, ಸ್ವಂತ ದುಡಿಮೆಯಲ್ಲಿ ಮನೆ ಕಟ್ಟಿ ಹೊಲ ಕೊಂಡವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೆಂಡತಿಯ ಕಡೆಯ ತಬ್ಬಲಿ ಕೂಸು ಉಮಾದೇವಿಯನ್ನು ಮಗಳಂತೆ ಸಾಕಿ ದೊಡ್ಡವಳನ್ನಾಗಿ ಮಾಡಿದ್ದ. ವಿಧಿಪ್ರಕಾರ ದತ್ತಕ ತೆಗೆದುಕೊಂಡಿರಲಿಲ್ಲ. ಅವಳು ಅಪ್ಪಾ ಅಂದರೆ ಇವನು ಓ ಅನ್ನುತ್ತಿದ್ದ, ಇಬ್ಬರಿಗೂ ಅದೇ ಸಾಕಾಗಿತ್ತು.

ಬಸವಕಲ್ಯಾಣದ ಕುರಿ ವ್ಯಾಪಾರಿ ಗುಲಾಮ್ ರಸೂಲನ ಮಗಳು ಮೀನಾಜ್ ಕಾನೂನು ಓದುತ್ತಿದ್ದಳು. ತಂದೆಯ ಜೊತೆ ಅಮೋಘಸಿದ್ದಪ್ಪನ ದೊಡ್ಡಿಗೆ ಬಂದಾಗ ಒಮ್ಮೆ ತಾನಾಗಿಯೇ ಮಾತು ತೆಗೆದಳು.

"ಕಾಕಾ, ಉಮಾಗ ಏನರ ಕೊಡೋದಿದ್ರ ಮೃತ್ಯುಪತ್ರ, ಅಂದ್ರ ವಿಲ್, ಬರದಿಡ್ರಿ. ನಾ ಈಗ ಅದೇ ಪಾಠ ಓದಾಕತ್ತೇನಿ."

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ರುಕ್ಮಿಣಿಬಾಯಿ ಮೊರ ಕೆಳಗಿಟ್ಟಳು.

"ಬದುಕಿದ್ದ ಮನಷ್ಯಾಂದು ಸಾವು ಯಾಕ ಬರಸ್ತೀದಿ ತಾಯಿ? ನಮ್ಮ ಕಡೆ ಭಂಡಾರ ಅದ."

"ಭಂಡಾರ ದೊಡ್ಡದೇರಿ ಮಾವಶಿ. ಆದ್ರ ಕೋರ್ಟಿನಾಗ ಕಾಗದ ಕೇಳ್ತಾರ."

"ನಾವು ಯಾಕ ಕೋರ್ಟಿಗೆ ಹೋಗಮು? ನಮ್ಮ ಮಂದಿ ಅಂಥವರಲ್ಲ."

ಅಮೋಘಸಿದ್ದಪ್ಪನಿಗೂ ಅದೇ ಸರಿ ಎನಿಸಿತು. ಮುಂದಿನ ಅಮಾವಾಸ್ಯೆಗೆ ಹುಮನಾಬಾದಿನಿಂದ ಅಮೋಘಸಿದ್ದಪ್ಪನ ತಮ್ಮ ಕಲ್ಲಿನಾಥ ಬಂದಿದ್ದ. ರುಕ್ಮಿಣಿಬಾಯಿ ತಾನೇ ದೇವರ ಮುಂದಿನ ತಟ್ಟೆ ತಂದು ಹಿಡಿದಳು. ಅಮೋಘಸಿದ್ದಪ್ಪ ಚಿಟಿಕೆ ಭಂಡಾರ ತೆಗೆದು ಉಮಾದೇವಿಯ ಹಣೆಗೆ ಹಚ್ಚಿದ. "ಈ ಮನಿ, ಈ ದೊಡ್ಡಿ, ಹೊಲ ಎಲ್ಲಾ ನನ್ನ ಹಿಂದ ಉಮಾಂದು," ಅಂದ. ಓಣಿಯವರೆಲ್ಲ ಕೇಳಿಸಿಕೊಂಡರು. ಕಲ್ಲಿನಾಥನೂ ತಲೆಯಾಡಿಸಿದ.

ವರ್ಷ ತುಂಬುವುದರೊಳಗೆ ಅಮೋಘಸಿದ್ದಪ್ಪ ಹೊಲದ ಬದುವಿನ ಮೇಲೆ ಕೂತಲ್ಲೇ ಪ್ರಾಣ ಬಿಟ್ಟ. ಸಂಜೆ ಕುರಿಗಳು ಮಾತ್ರ ಮನೆಗೆ ಬಂದವು. ಉಮಾದೇವಿ ಹುಡುಕಿಕೊಂಡು ಹೋದಳು, ಅವಳ ಕೂಗು ಓಣಿಯವರೆಗೂ ಕೇಳಿಸಿತು.

ದಿನಕರ್ಮ ಮುಗಿದ ಮೇಲೆ ಕಲ್ಲಿನಾಥ ನೆಲ ನೋಡುತ್ತ ಬಾಯಿಬಿಟ್ಟ.

"ಅಣ್ಣ ಹೇಳಿದ್ದು ಖರೇ ಅದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನನಗೂ ಮಕ್ಕಳದಾರ. ವಕೀಲರಿಗೆ ಕೇಳೀನಿ, ಕಾಯ್ದೆ ಪ್ರಕಾರ ಎಲ್ಲಾ ನನಗೇ ಬರ್ತದಂತ."

ರುಕ್ಮಿಣಿಬಾಯಿಯ ಮೈಯೆಲ್ಲ ಉರಿದುಹೋಯಿತು. ಉಮಾದೇವಿಯನ್ನು ಕರೆದುಕೊಂಡು ಬಸ್ಸು ಹತ್ತಿ ಬಸವಕಲ್ಯಾಣಕ್ಕೆ, ಮೀನಾಜಳ ಮನೆಗೆ ಹೋದಳು.

"ಊರಿಗೆ ಊರೇ ಸಾಕ್ಷಿ ಹೇಳ್ತದ. ಏನೂ ಮಾಡಾಕ ಬರಂಗಿಲ್ಲೇನು?"

ಮೀನಾಜ್ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟಳು. ಅವಳಿಗೂ ಆ ಉತ್ತರ ಹೇಳುವುದು ಬೇಡವಾಗಿತ್ತು.

"ನಮ್ಮ ಸರ್‌ಗೂ ಕೇಳಿದೇರಿ ಮಾವಶಿ. ಹಿಂದೂ ಮಂದೀದು ಮೃತ್ಯುಪತ್ರ ಬಾಯಿಮಾತಿನಾಗ ನಡ್ಯಾಂಗಿಲ್ಲ. ಉಮಾ ದತ್ತಕ ಮಗಳೂ ಅಲ್ಲ. ಕಾಯ್ದೆದಾಗ ಆಕಿ ಕಾಕಾಗ ಏನೂ ಆಗಂಗಿಲ್ಲ."

ಏನೂ ಆಗುವುದಿಲ್ಲ ಎಂಬ ಮಾತಿಗೆ ಉಮಾದೇವಿ ಮುಖ ಮುಚ್ಚಿಕೊಂಡಳು. ಮನೆ ಹೋಯಿತೆಂದು ಕೇಳಿದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಮನೆ ಬಿಡುವ ದಿನ ಅವಳು ಎಂದಿನಂತೆ ಹೊಸ್ತಿಲು ತೊಳೆದಳು, ದೊಡ್ಡಿ ಗುಡಿಸಿದಳು, ಬೀಗದ ಕೈ ಕಲ್ಲಿನಾಥನ ಕೈಗೆ ಕೊಟ್ಟಳು. ಅಪ್ಪನ ಕಂಬಳಿಯನ್ನಷ್ಟೇ ಹೆಗಲಿಗೆ ಹಾಕಿಕೊಂಡಳು. ದೊಡ್ಡಿಯೊಳಗಿನ ಕುರಿಗಳು ಅವಳ ಹೆಜ್ಜೆ ಗುರುತು ಹಿಡಿದು ಅರಚಿದವು. ರುಕ್ಮಿಣಿಬಾಯಿ ಬಂದು ಅವಳ ಕೈ ಹಿಡಿದಳು.

"ನಮ್ಮ ಮನಿಗಿ ನಡಿ. ಆವತ್ತು ನಾನೇ ಬಾಯಿ ಹಾಕಲಿಲ್ಲಂದ್ರ ಈ ಮನಿ ನಿಂದಾಗ್ತಿತ್ತು."

"ಇರಲಿ ಬಿಡ್ರಿ ಅತ್ತಿ. ನಿಮಗೇನು ಗೊತ್ತಿತ್ತು?" ಅಂದಳು ಉಮಾದೇವಿ. ಆ ಮಾತು ರುಕ್ಮಿಣಿಬಾಯಿಗೆ ಬೈಗುಳಕ್ಕಿಂತ ಹೆಚ್ಚು ನೋಯಿತು.

ರುಕ್ಮಿಣಿಬಾಯಿಗೂ ಮಕ್ಕಳಿಲ್ಲ. ಗಂಡನಿಂದ ಬಂದ ಮನೆ ಅವಳ ಹೆಸರಿಗಿದೆ. ತಾನು ಏನೂ ಬರೆಯದೆ ಕಣ್ಣು ಮುಚ್ಚಿದರೆ ಅದು ಮೈದುನನ ಪಾಲಾಗುತ್ತದೆ, ಉಮಾದೇವಿ ಎರಡನೇ ಸಲ ಬೀದಿಗೆ ಬೀಳುತ್ತಾಳೆ. ಇದು ಹೊಳೆದ ಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಮೀನಾಜಳಿಗೆ ಫೋನು ಮಾಡಿಸಿದಳು.

"ನನ್ನ ಮನಿ ಉಮಾಗ ಬರ್ಯಾಕ ಛಾಪಾ ಕಾಗದ ಬೇಕೇನವ್ವಾ?"

"ಬ್ಯಾಡ್ರಿ, ಬಿಳಿ ಹಾಳೀನೂ ನಡೀತದ. ನೀವು ಹೆಬ್ಬೆಟ್ಟು ಒತ್ತೋದು ಇಬ್ಬರು ಸಾಕ್ಷಿ ನೋಡಬೇಕು, ನಿಮ್ಮ ಮುಂದ ಅವರೂ ಸಹಿ ಹಾಕಬೇಕು. ಉಮಾ ಸಾಕ್ಷಿ ಆಗೋದು ಬ್ಯಾಡ. ನೋಂದಣಿ ಮಾಡ್ಲೇಬೇಕಂತಿಲ್ಲ, ಮಾಡಿಸಿದ್ರ ಮುಂದ ತಕರಾರು ಕಡಿಮಿ."

"ಬರದ ಮ್ಯಾಲ ಮನಿ ನಂದಿರ್ತದೋ ಇಲ್ಲೋ?"

"ನೀವಿರೋತನಕ ನಿಮ್ದೇರಿ. ಮನಸ್ಸು ಬದಲಾದ್ರ ಬ್ಯಾರೆ ಬರೀಬಹುದು. ನಮ್ಮ ಮುಸಲ್ಮಾನ ಮಂದ್ಯಾಗ ಮಾತ್ರ ನಿಯಮ ಬ್ಯಾರೆ ಅದಾವ. ವಾರಸುದಾರರು ಒಪ್ಪಲಿಲ್ಲಂದ್ರ ಹೊರಗಿನವರಿಗೆ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಬರ್ಯಾಕ ಬರಂಗಿಲ್ಲ."

ಹುಮನಾಬಾದಿನ ನೋಂದಣಿ ಕಚೇರಿಗೆ ಮೀನಾಜ್ ಮತ್ತು ಓಣಿಯ ಧೂಳಮ್ಮ ಸಾಕ್ಷಿಯಾಗಿ ಬಂದರು. ಉಮಾದೇವಿ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಒಳಗೆ ರುಕ್ಮಿಣಿಬಾಯಿ ಸೆರಗಿನ ಗಂಟು ಬಿಚ್ಚಿ ಚಿಟಿಕೆ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡಳು. ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.

"ಇಷ್ಟೇ ಏನು?" ಅಂತ ಕೇಳಿದಳು.

"ಇಷ್ಟೇರಿ ಮಾವಶಿ."

ಇಷ್ಟೇ ಸುಲಭದ ಕೆಲಸವಿತ್ತೆಂದು ತಿಳಿದು ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಉಮಾದೇವಿ ಇರಬಹುದು. ಸಾಕಿದ ಮಗಳು, ಕೊನೆಯವರೆಗೂ ನಿಮ್ಮನ್ನು ನೋಡಿಕೊಂಡ ಸೊಸೆ, ಯಾರೇ ಆಗಲಿ. ಅವರಿಗೆ ಕೊಡಬೇಕೆಂದಿದ್ದರೆ ಗಟ್ಟಿಯಾಗಿರುವಾಗಲೇ ಬರೆದಿಡಿ. ನಿಮ್ಮ ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ದಾರಿ ಹೇಳುತ್ತಾರೆ. ಅಮೋಘಸಿದ್ದಪ್ಪ ಮಗಳಿಗೆ ಮನಸಾರೆ ಕೊಟ್ಟಿದ್ದ. ಅವಳ ಕೈಗೆ ಬಂದದ್ದು ಅವನ ಕಂಬಳಿ ಮಾತ್ರ.