ಕಾಗದದ ಮೇಲಿನ ಮಹಡಿ

ಹತ್ತು ದಿನ ಇದ್ದು ಹೋಗುತ್ತೇನೆಂದು ಬಂದ ಅಳಿಯ ಎರಡು ವರ್ಷವಾದರೂ ಹೊರಡುವ ಮಾತೆತ್ತಿರಲಿಲ್ಲ. ಅದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಅವನ ಜೊತೆ ಒಂದು ಸ್ಯಾಕ್ಸೋಫೋನೂ ಬಂದಿತ್ತು, ಅದೂ ಹೊರಡಲಿಲ್ಲ. ಹೋಟೆಲೊಂದರಲ್ಲಿ ಸಂಜೆ ಹೊತ್ತು ಊದುವುದು ಅವನ ಕೆಲಸ. ಅಲ್ಲಿ ಎರಡು ಗಂಟೆ ಊದುವುದಕ್ಕೆ ಇಲ್ಲಿ ಮನೆಯಲ್ಲಿ ನಾಲ್ಕು ಗಂಟೆ ಊದಿ ಕೈ ಕುದುರಿಸಿಕೊಳ್ಳಬೇಕಿತ್ತು. ಕೈಯೋ, ಬಾಯೋ, ಯಾವುದು ಕುದುರಿತೋ ದೇವರೇ ಬಲ್ಲ. ಮನೆಯವರ ತಲೆ ಮಾತ್ರ ಕೆಟ್ಟಿತ್ತು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ಬಾಯಿ ತೆರೆದ ಒಂದು ಪುಟ್ಟ ಅಂಗಡಿ. ಅಂಗಡಿಯಲ್ಲಿ ಕೂತು ಹೊಲಿಯುವವಳು ಮನೆಯ ಯಜಮಾನಿ. ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತನಾಲ್ಕು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಈಗ ಮನೆಯಲ್ಲಿ ಗಂಡನ ತಾಯಿ, ಮಗಳು, ಅಳಿಯ ಮತ್ತು ಆ ಕೊಳವೆ.

ಒಂದು ಬೆಳಿಗ್ಗೆ ಅಳಿಯ ಒಳಗಿನಿಂದ ಒಂದು ಎತ್ತರದ ಸ್ವರ ಹಿಡಿದ. ಆನೆಯ ಬಾಲ ಬಾಗಿಲಿಗೆ ಸಿಕ್ಕಿಕೊಂಡಂಥ ಸ್ವರ. ಟೈಲರಮ್ಮ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕತ್ತರಿ ಗಿರಾಕಿಯ ಹೊಸ ಕೋಟಿನ ಬೆನ್ನನ್ನು ಕುತ್ತಿಗೆಯಿಂದ ಸೊಂಟದವರೆಗೆ ಸೀಳಿಕೊಂಡು ಹೋಯಿತು. ಅವಳು ಕತ್ತರಿ ಹಿಡಿದುಕೊಂಡೇ ಒಳಗೆ ನುಗ್ಗಿದಳು.

"ಸಾಕು! ಮೇಲೆ ಕಳಿಸ್ತೀನಿ ನಿಮ್ಮನ್ನ! ನಿಮ್ಮನ್ನೂ ಕಳಿಸ್ತೀನಿ, ಆ ಕೊಳವೇನೂ ಕಳಿಸ್ತೀನಿ!"

ಅಳಿಯನ ಮುಖ ಸುಣ್ಣವಾಯಿತು. ಮಗಳು ಓಡಿಬಂದು ಗಂಡನಿಗೆ ಅಡ್ಡ ನಿಂತಳು. "ಅಮ್ಮಾ, ಕತ್ತರಿ ಕೆಳಗಿಡು!"

"ಅಯ್ಯೋ, ಅದಲ್ಲ ಕಣೇ. ಮೇಲೊಂದು ಮಹಡಿ ಹಾಕಿಸ್ತೀನಿ ಅಂದೆ. ಅಲ್ಲಿಗೆ ಕಳಿಸ್ತೀನಿ ಅಂತ."

ಹೀಗೆ ಮಹಡಿಯ ವಿಚಾರ ಹುಟ್ಟಿತು. ನಕ್ಷೆ ಬರೆಯುವವನನ್ನು ಕರೆಸಿದ್ದಾಯಿತು. ಮೇಲೆ ಎರಡು ಕೋಣೆ, ಒಂದು ಬಚ್ಚಲು, ಹೊರಗಿನಿಂದ ಹತ್ತುವ ಮೆಟ್ಟಿಲು. ಅಷ್ಟನ್ನು ಬರೆದುಕೊಟ್ಟು ಅವನು ಹೇಳಿದ: "ನಗರಸಭೆ ಪರವಾನಗಿ ಬಂದ ಮೇಲೆ ಇಟ್ಟಿಗೆ ತರಿಸಿ. ಅಲ್ಲೀವರೆಗೆ ತರಿಸ್ಬೇಡಿ, ಪಾಚಿ ಕಟ್ಟುತ್ತೆ."

ಕಟ್ಟಡ ವಿಭಾಗ ನಗರಸಭೆಯ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ. ಊರಿನವರ ಮೆಟ್ಟಿಲಿನ ಅಳತೆ ನೋಡಿ ಹುಬ್ಬು ಗಂಟಿಕ್ಕುವ ಕಚೇರಿಯ ಮೆಟ್ಟಿಲೇ ಹಾಗಿತ್ತು. ಕೌಂಟರಿನ ಹಿಂದಿದ್ದ ಗುಮಾಸ್ತನನ್ನು ಟೈಲರಮ್ಮ ಕಣ್ಣಲ್ಲೇ ಅಳೆದಳು: ಎದೆ ಮೂವತ್ತಾರು, ಭುಜ ಇಳಿಜಾರು, ಎಡಗಡೆ ಹೆಚ್ಚು. ಮೊದಲ ದಿನ ಅವನು "ಮೂರು ಪ್ರತಿ ಬೇಕು" ಎಂದ. ಮೂರು ಪ್ರತಿ ತಂದಳು. ನಕ್ಷೆ ತಪ್ಪಾಗಿ ಮಡಚಿದೆ, ಹೆಸರು ಹೊರಗೆ ಕಾಣುವಂತೆ ಮಡಚಬೇಕು ಎಂದ. ಮೂವತ್ತು ವರ್ಷ ಬಟ್ಟೆ ಮಡಚಿದವಳಿಗೆ ಮಡಚುವುದನ್ನು ಹೇಳಿಕೊಡುತ್ತಾನಲ್ಲ ಎಂದು ಹಲ್ಲು ಕಚ್ಚಿಕೊಂಡೇ ಮಡಚಿದಳು. ಅಕ್ಕಪಕ್ಕದವರ ಒಪ್ಪಿಗೆ ಪತ್ರ ಎಲ್ಲಿ ಎಂದ. ಪಕ್ಕದ ಮನೆಯವರಂತೂ ಸ್ಯಾಕ್ಸೋಫೋನು ಇನ್ನೊಂದು ಹತ್ತಡಿ ದೂರ ಹೋಗುತ್ತದೆಂದು ತಿಳಿದು, ಓದದೆಯೇ ಸಹಿ ಹಾಕಿದರು. ಅದಕ್ಕೂ ಮೂರು ಪ್ರತಿ. ಅಂದಿನಿಂದ ಮನೆಯಲ್ಲಿ ಆ ಗುಮಾಸ್ತನ ಹೆಸರೇ ಮೂರ್ಪ್ರತಿ ಎಂದಾಯಿತು.

ಮೂರು ವಾರದ ಮೇಲೆ ಅಂಚೆಯಲ್ಲಿ ಉತ್ತರ ಬಂತು. ಟೈಲರಮ್ಮ ಅದನ್ನು ಅಂಗಡಿಯಲ್ಲಿ ನಿಂತೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ನಡುವಿಗೆ ಹೋಗಿ ನಿಂತು ತನ್ನ ಮನೆಯನ್ನು ಕತ್ತೆತ್ತಿ ನೋಡತೊಡಗಿದಳು.

ಅತ್ತೆ ಕೋಲೂರಿಕೊಂಡು ಹೊರಗೆ ಬಂದರು. "ಏನೇ ಅದು, ಕಾಗೆ ಎಣಿಸ್ತಿದೀಯಾ?"

"ನಮ್ಮ ಮನೆಗೆ ಮಹಡಿ ಇದೆಯಂತೆ ಅತ್ತೆ. ಕಟ್ಟಿ ಹತ್ತೊಂಬತ್ತು ವರ್ಷ ಆಯ್ತಂತೆ. ಅದಕ್ಕೇ ಇನ್ನೊಂದ್ಸಲ ಕಟ್ಟೋಕೆ ಪರವಾನಗಿ ಕೊಡಲ್ಲ ಅಂತ ಬರೆದಿದಾರೆ."

ಅತ್ತೆಯೂ ಬೀದಿಗಿಳಿದು, ಹಣೆಗೆ ಅಂಗೈ ಅಡ್ಡ ಹಿಡಿದು ನೋಡಿದರು. "ನನ್ನ ಕಣ್ಣು ಮೊದಲೇ ಮಂಜು. ನಿಂಗೇನಾದ್ರೂ ಕಾಣುತ್ತಾ?"

"ನೀರಿನ ಟ್ಯಾಂಕು ಕಾಣುತ್ತೆ. ನಿಮ್ಮ ಲಂಗ ಒಣಗ್ತಿರೋದು ಕಾಣುತ್ತೆ."

"ಸರಿಯಾಗಿ ನೋಡೇ. ಸರ್ಕಾರದವರು ಸುಮ್ಮಸುಮ್ಮನೆ ಬರೀತಾರಾ?"

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಟೈಲರಮ್ಮ ಕೌಂಟರಿನ ಮುಂದಿದ್ದಳು. ಮೂರ್ಪ್ರತಿ ಕಂಪ್ಯೂಟರ್ ನೋಡಿ ತಲೆಯಾಡಿಸಿದ.

"ಇದೆ ಅಂತ ಬರೆದಿದೆ ಅಮ್ಮಾ. ಕಾಮಗಾರಿ ಮುಗಿದ ಪ್ರಮಾಣಪತ್ರಾನೂ ಕೊಟ್ಟಿದಾರೆ."

"ಬರೆದಿದ್ರೆ? ಬಂದು ನೋಡ್ರೀ. ಮೇಲೆ ಆಕಾಶ ಇದೆ."

"ನಾನು ನೋಡಂಗಿಲ್ಲ, ಕೌಂಟರ್ ಬಿಡಂಗಿಲ್ಲ. ಒಂದು ದಾರಿ ಇದೆ. ಇರೋ ಮಹಡೀನ ಕೆಡವೋಕೆ ಅರ್ಜಿ ಹಾಕಿ. ಕೆಡವಿದ ಮೇಲೆ ಕಟ್ಟೋಕೆ ಹಾಕಿ."

"ಇಲ್ಲದ್ದನ್ನ ಕೆಡವೋದು ಹೇಗೆ?"

"ಅದು ಕೆಡವೋ ವಿಭಾಗದವರನ್ನ ಕೇಳಿ, ಕೆಳಗಡೆ ಕೂತಿದಾರೆ. ಕೆಡವೋಕೆ ಮುಂಚೆ ಒಂದು ಫೋಟೋ, ಕೆಡವಿದ ಮೇಲೊಂದು ಫೋಟೋ ಕೇಳ್ತಾರೆ."

"ಎರಡೂ ಒಂದೇ ಥರ ಇರುತ್ತಲ್ರೀ!"

"ಇರ್ಲಿ ಬಿಡಿ. ಮೂರು ಮೂರು ಪ್ರತಿ ತನ್ನಿ."

ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು. ಕೂಗಾಡಿದರೆ ಕಾವಲುಗಾರನನ್ನು ಕರೆಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು, ಚೀಲದಿಂದ ಅಂಚು ಮಡಿಸಬೇಕಿದ್ದ ಪ್ಯಾಂಟೊಂದನ್ನು ತೆಗೆದು ಸೂಜಿಗೆ ದಾರ ಪೋಣಿಸಿದಳು. "ಹಳೇ ಫೈಲು ತೋರಿಸೋತನಕ ಏಳಲ್ಲ. ನಂಗೇನೂ ಅವಸರ ಇಲ್ಲ, ಇಲ್ಲಿ ಮನೆಗಿಂತ ಸದ್ದು ಕಮ್ಮಿ."

ಆ ದಿನ ನಾಲ್ಕು ಪ್ಯಾಂಟು ಮುಗಿಸಿದಳು. ಮರುದಿನ ಆರು. ಮೂರನೆಯ ದಿನ ಅರ್ಜಿ ಕೊಡಲು ಬಂದವರು ಸಾಲು ಬಿಟ್ಟು ಅವಳ ಹತ್ತಿರ ಬಂದು, ಹರಿದ ಜೇಬು, ಬಿಚ್ಚಿದ ಜಿಪ್ಪು ತೋರಿಸತೊಡಗಿದರು. ಮಧ್ಯಾಹ್ನ ಮೂರ್ಪ್ರತಿಯೇ ಎದ್ದು ಬಂದ. ಅವನ ಅಂಗಿಯ ಎದೆಯ ಗುಂಡಿ ಎರಡು ತಿಂಗಳಿಂದ ಇರಲಿಲ್ಲ. ಟೈಲರಮ್ಮ ಅವನನ್ನು ನಿಲ್ಲಿಸಿಯೇ ಗುಂಡಿ ಹಾಕಿದಳು. ದಾರವನ್ನು ಹಲ್ಲಿನಿಂದ ಕಡಿಯುವಾಗ ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಅರ್ಧ ಗಂಟೆಯಲ್ಲಿ ಫೈಲು ಬಂತು. ಲಂಚ ಎನ್ನುವುದಾದರೆ ಅವಳು ಜೀವಮಾನದಲ್ಲಿ ಕೊಟ್ಟದ್ದು ಅದೊಂದೇ, ನಾಲ್ಕು ತೂತಿನ ಬಿಳಿ ಗುಂಡಿ.

ಧೂಳು ಹೊಡೆದು ತೆರೆದರೆ ಮೊದಲ ಹಾಳೆಯಲ್ಲೇ ಗಂಡನ ಕೈಬರಹ. ಅಕ್ಷರಗಳೆಲ್ಲ ಹಳ್ಳ ಬಿದ್ದ ರಸ್ತೆಯಲ್ಲಿ ಹೋಗುವ ಲಾರಿಯಂತೆ ಮೇಲೆ ಕೆಳಗೆ ಕುಣಿಯುತ್ತಿದ್ದವು. ತನಗೆ ಒಂದು ಮಾತೂ ಹೇಳದೆ ಮಹಡಿ ಕಟ್ಟಲು ಅರ್ಜಿ ಹಾಕಿದ್ದಾರೆ! ಮಡಚಿದ ನಕ್ಷೆಯೊಂದಿತ್ತು, ಅದರ ಕೆಳಗೆ ಪ್ರಮಾಣಪತ್ರ: "ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲಾಗಿದೆ. ಮೇಲಂತಸ್ತು ಸುಭದ್ರವಾಗಿದ್ದು ವಾಸಕ್ಕೆ ಯೋಗ್ಯವಾಗಿದೆ." ಅದರಡಿ ಒಂದು ಸಹಿ, ಕೊನೆಯ ಅಕ್ಷರ ಮೀನಿನ ಗಾಳದ ಹಾಗೆ ಬಾಗಿತ್ತು. ಹೊಲಿಗೆ ನೋಡಿ ಹೊಲಿದವರನ್ನು ಗುರುತು ಹಿಡಿಯುವವಳು ಅವಳು. ಅಂಚೆಯಲ್ಲಿ ಬಂದ ಪತ್ರವನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟಳು. ಗಾಳ ಅದೇ.

"ಈ ಸಹಿ ಯಾರದು?"

ಮೂರ್ಪ್ರತಿ ದನಿ ಇಳಿಸಿ, "ನಮ್ಮ ದೊಡ್ಡ ಸಾಹೇಬರದು. ಆಗಿನ್ನೂ ಚಿಕ್ಕೋರಿದ್ರು," ಎಂದ.

ದೊಡ್ಡ ಸಾಹೇಬರು ಈಗ ಸೊಂಟ ನಲವತ್ತನಾಲ್ಕು. ಟೈಲರಮ್ಮ ಎರಡೂ ಕಾಗದಗಳನ್ನು ಅವರ ಮೇಜಿನ ಮೇಲೆ ಜೋಡಿಸಿಟ್ಟಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಗಂಡನ ಹೆಸರಿನ ಹತ್ತಿರ ಬಂದಾಗ ಕುರ್ಚಿ ಕಿರ್ರೆಂದಿತು.

"ನೀವು ಲಾರಿಯವರ ಮನೆಯವರಾ?"

"ಹೌದು ಸಾರ್. ನಿಮ್ಮ ಮಹಡಿ ಕಾಣ್ತಿಲ್ಲ. ಒಂದ್ಸಲ ಬಂದು ಹುಡುಕಿಕೊಡಿ."

ಬರದೆ ಬೇರೆ ದಾರಿ ಇರಲಿಲ್ಲ. ಮರುದಿನ ಹತ್ತು ಗಂಟೆಗೆ ಅವರು ಫೈಲೂ ಟೇಪೂ ಹಿಡಿದುಕೊಂಡು ಬಂದರು. ಮೇಲೆ ಹತ್ತಲು ಇದ್ದದ್ದು ಒಂದು ಬಿದಿರಿನ ಏಣಿ. ಅಳಿಯ ಕೆಳಗೆ ಹಿಡಿದುಕೊಂಡ, ಟೈಲರಮ್ಮ ಮೊದಲು ಹತ್ತಿದಳು. ಸಾಹೇಬರು ಪ್ರತಿ ಮೆಟ್ಟಿಲಿಗೂ ಒಂದು ದೇವರನ್ನು ನೆನೆಯುತ್ತ ಮೇಲೆ ಬಂದರು. ಅಲ್ಲಿ ಟ್ಯಾಂಕು, ತಂತಿ, ಅತ್ತೆಯ ಲಂಗ, ಒಂದು ಮುರಿದ ಸ್ಟೂಲು. ಅವರು ಸುತ್ತ ನೋಡಿ, ಯಾತಕ್ಕೂ ಇರಲಿ ಎಂಬಂತೆ ಟೇಪು ಬಿಚ್ಚಿ, ಅಳೆಯುವಂಥದ್ದೇನೂ ಕಾಣದೆ ಮತ್ತೆ ಸುತ್ತಿಕೊಂಡರು.

ಕೆಳಗಿನಿಂದ ಅತ್ತೆ ಕೂಗಿದರು: "ಮಹಡಿ ಸಿಕ್ತೇನಪ್ಪಾ?"

ಸಾಹೇಬರು ಅಂಚಿನ ಮೋಟುಗೋಡೆಯ ಮೇಲೆ ಕುಸಿದು ಕೂತರು. "ಅಮ್ಮಾ, ನಿಮ್ಮ ಯಜಮಾನರೂ ನಾನೂ ವಾರಕ್ಕೊಮ್ಮೆ ಇಸ್ಪೀಟು ಆಡ್ತಿದ್ವಿ. ಅವರ ಕೈ ಭಾರಿ ಕೈ. ಒಂದಿನ ನಾನು ಸೋತು ಸೋತು ಪಣಕ್ಕಿಡೋಕೆ ಏನೂ ಉಳೀಲಿಲ್ಲ. ಪರವಾನಗಿ ಆಗಲೇ ಸಿಕ್ಕಿತ್ತು ಅವರಿಗೆ. 'ಕಾಮಗಾರಿ ಮುಗಿದ ಪ್ರಮಾಣಪತ್ರ ಇಡು, ನಾಳೆ ನಾಡಿದ್ದು ಕಟ್ತೀನಲ್ಲ, ಆಮೇಲೆ ನಿನ್ನ ಹಿಂದೆ ಯಾರು ಅಲೀತಾರೆ' ಅಂದ್ರು. ಇಟ್ಟೆ. ಸೋತೆ."

"ಅಂದ್ರೆ ನೀವು ಸಹಿ ಸೋತ್ರಿ, ನಾನು ಮಹಡಿ ಸೋತೆ?"

"ಹಂಗೇ ಅನ್ಕೊಳ್ಳಿ."

ಟೈಲರಮ್ಮನಿಗೆ ಉಗಿಯಬೇಕೆನಿಸಿತು. ಆದರೆ ಬಾಯಿ ತೆರೆದರೆ ನಗು ಬಂತು. ಅವಳು ಸೆರಗು ಬಾಯಿಗೊತ್ತಿಕೊಂಡು, ಟ್ಯಾಂಕಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಾಹೇಬರೂ ಸ್ವಲ್ಪ ನಗಲು ನೋಡಿದರು. ಅವಳು ತಟ್ಟನೆ ನಿಲ್ಲಿಸಿದಳು.

"ನೀವು ನಗಬೇಡಿ. ಸರಿ ಮಾಡಿಕೊಡಿ."

ಅವರು ಅಲ್ಲೇ ತೊಡೆಯ ಮೇಲೆ ಫೈಲಿಟ್ಟುಕೊಂಡು ಬರೆದರು: "ಮೇಲಂತಸ್ತು ಇಲ್ಲ ಎಂದಿರಬೇಕಾದಲ್ಲಿ ಬೆರಳಚ್ಚಿನ ದೋಷದಿಂದ ಇದೆ ಎಂದು ನಮೂದಾಗಿದೆ." ಸುಭದ್ರವಾಗಿದೆ, ವಾಸಕ್ಕೆ ಯೋಗ್ಯವಾಗಿದೆ ಎಂಬುದೂ ಬೆರಳಚ್ಚಿನ ದೋಷವೇ ಎಂದು ಟೈಲರಮ್ಮ ಕೇಳಲಿಲ್ಲ. ಹಳೆಯ ನಕ್ಷೆಯನ್ನು ಫೈಲಿನಿಂದ ಕಿತ್ತು ಅವಳ ಕೈಗಿಟ್ಟು, "ಇದು ನಮ್ಮಲ್ಲಿ ಇರದಿದ್ರೇ ಎಲ್ಲರಿಗೂ ಒಳ್ಳೇದು," ಎಂದು ಏಣಿಯತ್ತ ನಡೆದರು.

ಅವರು ಹೋದ ಮೇಲೆ ಟೈಲರಮ್ಮ ಆ ನಕ್ಷೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರವಿದಳು. ಅತ್ತೆ ಸ್ಟೂಲೆಳೆದುಕೊಂಡು ಪಕ್ಕದಲ್ಲಿ ಕೂತರು. ಅವರಿಗೆ ಓದು ಬರದು, ಕಣ್ಣೂ ಅಷ್ಟಕ್ಕಷ್ಟೆ. ಆದರೆ ಮಗನ ಕೈ ಆಡಿದ ಕಾಗದವೆಂದು ಅಂಚನ್ನು ಸವರುತ್ತಿದ್ದರು.

ಮಹಡಿಯ ಮುಕ್ಕಾಲು ಪಾಲು ಒಂದೇ ದೊಡ್ಡ ಹಜಾರ. ನಡುವೆ ಗಂಡನ ಕೈಯಲ್ಲೇ ಬರೆದಿತ್ತು: "ಇಸ್ಪೀಟು, ಎಂಟು ಜನ." ಮೂರು ದಿಕ್ಕಿಗೂ ಕಿಟಕಿ. ಪಕ್ಕದಲ್ಲಿ ಟೀ ಕಾಯಿಸಲೊಂದು ಮೂಲೆ. ಸ್ನೇಹಿತರು ಮಲಗಲು ಒಂದು ಕೋಣೆ. ಟೈಲರಮ್ಮ ತನ್ನ ಜಾಗ ಹುಡುಕಿದಳು. ಕೊನೆಗೆ ಸಿಕ್ಕಿತು. ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ, ಮೂರಡಿಗೆ ನಾಲ್ಕಡಿ: "ಮಿಷನ್." ಕಿಟಕಿ ಇರಲಿಲ್ಲ. ಅದುವರೆಗೆ ಉಳಿದಿದ್ದ ನಗುವೂ ಅಲ್ಲಿಗೆ ನಿಂತಿತು. ತೀರಿಕೊಂಡ ಗಂಡನ ಮೇಲೆ ಹನ್ನೊಂದು ವರ್ಷದಿಂದ ಸಿಟ್ಟು ಮಾಡಿಕೊಳ್ಳಲು ಅವಕಾಶವೇ ಸಿಕ್ಕಿರಲಿಲ್ಲ. ಈಗ ಸಿಕ್ಕಿತು, ಮಾಡಿಕೊಂಡಳು.

"ನಂದೆಲ್ಲಿದೆ ಕೋಣೆ?" ಅತ್ತೆ ಕೇಳಿದರು. "ಅಮ್ಮನಿಗೇಂತ ಎಲ್ಲಿ ಬರೆದಿದಾನೆ ತೋರಿಸು."

ಟೈಲರಮ್ಮ ನಕ್ಷೆಯ ಮೂಲೆ ಮೂಲೆ ನೋಡಿದಳು. ಎಲ್ಲೂ ಇರಲಿಲ್ಲ. ಮುದುಕಿಯ ಬೆರಳನ್ನು ಹಿಡಿದು ಹಜಾರದ ನಡುವೆ ಇಟ್ಟಳು. "ಇಲ್ಲಿ ನೋಡಿ ಅತ್ತೆ. ಎಲ್ಲಕ್ಕಿಂತ ದೊಡ್ಡದು ನಿಮ್ದೇ. ಮೂರು ಕಡೆ ಕಿಟಕಿ."

ಅತ್ತೆ ಬೆರಳನ್ನು ನಾಲ್ಕು ಗೋಡೆಗುಂಟ ಆಡಿಸಿದರು.

"ನಿಂಗೆ ಬಟ್ಟೆ ಹೊಲಿಯೋಕೆ ಬರುತ್ತೆ, ಸುಳ್ಳು ಹೊಲಿಯೋಕೆ ಬರಲ್ಲ ಕಣೇ," ಎಂದರು ಕೊನೆಗೆ. "ನನ್ನ ಮಗನನ್ನ ನಾನು ಹೆತ್ತಿಲ್ವಾ? ಇದು ಇಸ್ಪೀಟು ಎಲೆ ಹಾಕೋ ಜಾಗ. ಹಾಳಾದವನು, ಅಮ್ಮನ್ನೇ ಮರೆತ." ಬೈದು ಮುಗಿಸಿ ಮೂಗು ಒರೆಸಿಕೊಂಡರು. "ನಿಂದೆಲ್ಲಿ ಇಟ್ಟಿದಾನೆ?"

"ಮೆಟ್ಟಿಲ ಕೆಳಗೆ."

"ಥೂ! ಈಗಿಂದರಲ್ಲಿ?"

ಈಗಿನ ನಕ್ಷೆಯಲ್ಲೂ ಟೈಲರಮ್ಮ ಮೇಲೆ ಇರಲಿಲ್ಲ. ಎರಡೂ ಕೋಣೆಯನ್ನು ಮಗಳು ಅಳಿಯನಿಗೆಂದೇ ಬರೆಸಿದ್ದಳು, ಮಿಷನ್ನು ಎಂದಿನಂತೆ ಕತ್ತಲ ಅಂಗಡಿಯಲ್ಲೇ. ಅದನ್ನು ಹೇಳಿದಾಗ ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು.

"ಅವನು ನಿನ್ನ ಮರೆತ, ನೀನೂ ನಿನ್ನ ಮರೆತ್ರೆ ಇನ್ನು ಯಾರ ನೆನಪಿಗೆ ಬರ್ತೀಯೇ? ಮೇಲೆ ನೀನು ಹೋಗು. ಬೆಳಕು ಬೇಕಾಗಿರೋದು ಸೂಜಿಗೆ, ಪೀಪಿಗಲ್ಲ. ಅವನು ಕೆಳಗೇ ಊದಿಕೊಳ್ಳಲಿ, ನಂಗೂ ಹೊತ್ತು ಹೋಗುತ್ತೆ."

ಟೈಲರಮ್ಮ ಮರುದಿನವೇ ನಕ್ಷೆ ಬರೆಯುವವನ ಹತ್ತಿರ ಹೋದಳು. ಮುಂದಿನ ಕೋಣೆಯನ್ನು ಹೊಲಿಗೆಗೆಂದು ಬದಲಿಸಿ, ಬೀದಿಯ ಕಡೆ ಗೋಡೆಯುದ್ದಕ್ಕೂ ಕಿಟಕಿ ಇಡಿಸಿದಳು. ಹಿಂದಿನದು ತನಗೆ ಮಲಗಲು. ಬದಲಾದ ನಕ್ಷೆಯನ್ನು ಕೌಂಟರಿಗೆ ಕೊಂಡೊಯ್ದಾಗ ಮೂರ್ಪ್ರತಿ ಎಣಿಸಿ ನೋಡಿ, ಏನೂ ಕೊರತೆ ಸಿಗದೆ, ಬೇಸರದಿಂದ ಠಸ್ಸೆ ಒತ್ತಿದ. ಹನ್ನೊಂದನೆಯ ದಿನಕ್ಕೆ ಪರವಾನಗಿ ಬಂತು.

ಅದನ್ನು ಓದಿ ಹೇಳಿದ್ದು ಅಳಿಯ. ತನ್ನನ್ನು ಮೇಲೆ ಕಳಿಸುತ್ತಿಲ್ಲವೆಂದು ಗೊತ್ತಾಗಿ ಅವನಿಗೆ ಒಂದು ಕಡೆ ನಿರಾಳ, ಇನ್ನೊಂದು ಕಡೆ ಅವಮಾನ. ಮುಂದಿನ ವಾರ ಗಾರೆಯವನು ಬಂದು ಮೇಲೆ ನೂಲು ಹಿಡಿದು ಗೋಡೆಯ ಗುರುತು ಹಾಕಿದ. ಟೈಲರಮ್ಮ ತನ್ನ ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಕಿಟಕಿ ಬರುವ ಜಾಗವನ್ನು ತಾನೇ ಅಳೆದಳು. ಗಾರೆಯವನ ಗುರುತು ನಕ್ಷೆಗಿಂತ ಎರಡಂಗುಲ ಕಡಿಮೆ ಇತ್ತು. "ಎರಡಂಗುಲ ತಾನೇ ಅಮ್ಮಾ, ಬಿಡಿ," ಎಂದ ಅವನು.

"ನಿನ್ನ ಅಂಗಿ ಎರಡಂಗುಲ ಗಿಡ್ಡ ಹೊಲಿದ್ರೆ ಬಿಡ್ತೀಯಾ?" ಎಂದಳು ಟೈಲರಮ್ಮ. ಅವನು ಗೊಣಗುತ್ತ ನೂಲನ್ನು ಎರಡಂಗುಲ ಆಚೆ ಸರಿಸಿದ.