ಕಂಪೈಲರ್ ಇಲ್ಲದ ಊರಿನ ಪ್ಯಾಕೇಜು

ಬೈಲಹೊಂಗಲದ ಬಸವಲಿಂಗ ತನ್ನ ನೆರಳನ್ನೂ ನಂಬುವ ಆಸಾಮಿಯಲ್ಲ. ಗೆಳೆಯರೆಲ್ಲ ಸೇರಿ ಹಂಚುತ್ತಿದ್ದ ಕನ್ನಡದ ಲಿನಕ್ಸ್ ಸಿ.ಡಿ.ಗೆ ಯಾರೇ ಪ್ರೋಗ್ರಾಮಿನ ಪ್ಯಾಕೇಜು ಕಳಿಸಲಿ, ಕೆದಕಿ ನೋಡದೆ ಸೇರಿಸುತ್ತಿರಲಿಲ್ಲ. ರಾಮದುರ್ಗದ ಡಿಟಿಪಿ ಅಂಗಡಿಯ ಶೀತಲ ಕಳಿಸಿದ ಪ್ಯಾಕೇಜಂತೂ ಅವನ ನಿದ್ದೆಯನ್ನೇ ಕೆಡಿಸಿತು. ಬರೆದ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ಓಡುವಂತಾಗಲು ಕಂಪೈಲರ್ ಬೇಕೇ ಬೇಕು. ಅವಳ ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅದನ್ನು ತೆಗೆದುಹಾಕಿದವನು ಅವನೇ. ಹಾಗಾದರೆ ಇದನ್ನು ಕಟ್ಟಿದವರು ಯಾರು? ಒಳಗೆ ಏನೇನು ತುರುಕಿದ್ದಾರೋ?

ಮರುದಿನವೇ ಸವದತ್ತಿ ಮೇಲಿನ ಬಸ್ಸು ಹಿಡಿದು ಅವಳ ಅಂಗಡಿಗೆ ಹೋದ. ಅವಳು ತರಿಸಿದ ಚಹಾವನ್ನೂ ಮುಟ್ಟಲಿಲ್ಲ.

"ಖರೇ ಹೇಳು ಶೀತಲ. ಯಾರ ಕಡೆ ಮಾಡಿಸಿದಿ?"

"ನಾನ ಮಾಡೀನ್ರಿ ಅಣ್ಣಾರ."

"ಕಂಪೈಲರ್ ಎಲ್ಲೈತಿ?"

"ನಿಮ್ಮ ಕಂಪ್ಯೂಟರಿನ್ಯಾಗ ಐತ್ರಿ. ಇಲ್ಲಿಂದನ ಇಂಟರ್ನೆಟ್ ಮ್ಯಾಲೆ ಅದರಾಗ ಹೊಕ್ಕು ಕಟ್ಟೀನ್ರಿ."

"ಪಾಸ್‌ವರ್ಡ್ ಯಾರು ಕೊಟ್ರು?"

"ನನ್ನ ಕಂಪ್ಯೂಟರಿಗೆ ನೀವ ಒಂದು ಇಟ್ಟು ಕೊಟ್ಟಿದ್ರಲ್ಲ, ಅದನ್ನ ಹಾಕೀನ್ರಿ. ಸಟಕ್ಕನ ತೆರೀತು," ಎಂದಳು ಶೀತಲ. "ಚಹಾ ಆರಾಕ ಹತ್ತೈತ್ರಿ."